ಎತ್ತದ ಪಾಲು

ಮಂಜಿಗೆ ಅಕ್ಷರ ಬರುವುದಿಲ್ಲ. ಆದರೂ ಒಂದು ಪುಸ್ತಕದ ಒಂದು ವಾಕ್ಯ ಮಾತ್ರ ಅವಳಿಗೆ ಕಂಠಪಾಠ. ‘ಈ ಜನರಲ್ಲಿ ವಿಶೇಷವಾಗಿ ಹೇಳುವಂಥ ಸಂಸ್ಕೃತಿ ಕಂಡುಬರುವುದಿಲ್ಲ, ಹೊಟ್ಟೆಪಾಡಿನ ದುಡಿಮೆಯೇ ಇವರ ಬದುಕು.’ ಈ ಜನ ಅಂದರೆ ಬೇರೆ ಯಾರೂ ಅಲ್ಲ, ಧಾರೇಶ್ವರದಿಂದ ಸಮುದ್ರದ ಬದಿಗೆ ಇಳಿದರೆ ಸಿಗುವ ಮಂಜಿಯ ಕೇರಿಯವರೇ. ಇಪ್ಪತ್ತು ವರ್ಷದ ಹಿಂದೆ ಯಾವುದೋ ಊರಿಂದ ನಾಲ್ಕು ಜನ ಜೀಪಿನಲ್ಲಿ ಬಂದು, ಎರಡು ದಿನ ಬೆಳಿಗ್ಗೆ ಇವರದ್ದೇ ಎಳನೀರು ಕುಡಿದು, ಫೋಟೋ ತೆಗೆದುಕೊಂಡು ಹೋಗಿದ್ದರು. ಹೋಗಿ ಬರೆದದ್ದು ಇದು. ಕುಡಿದ ಎಳನೀರಿನ ಮರ್ಯಾದೆಯನ್ನಾದರೂ ಇಟ್ಟುಕೊಳ್ಳಬಾರದಿತ್ತೇ?

ಆ ವಾಕ್ಯವನ್ನು ಮನೆಗೆ ತಂದವಳು ಮೊಮ್ಮಗಳು ವೀಣಾ. ಕುಮಟೆಯ ಕಾಲೇಜಿನಲ್ಲಿ ಬಿ.ಎ. ಓದುವ ಹುಡುಗಿ. ಗ್ರಂಥಾಲಯದಲ್ಲಿ ಹಳೇ ಪುಸ್ತಕವೊಂದು ಸಿಕ್ಕಿತು, ಅದರಲ್ಲಿ ನಮ್ಮ ಕೇರಿಯ ಹೆಸರು ಅಚ್ಚಾಗಿದೆ ಎಂದು ಹಿಗ್ಗಿ, ಪುಟದ ಫೋಟೋ ಹೊಡೆದು ತಂದು ಜಗಲಿಯಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದತೊಡಗಿದಳು. ಅರ್ಧ ಓದುವಾಗಲೇ ಅವಳ ಸ್ವರ ಇಳಿಯಿತು. ಮಂಜಿ ಬಿಡಲಿಲ್ಲ, ಪೂರ್ತಿ ಓದಿಸಿದಳು. ಇನ್ನೊಮ್ಮೆ ಓದಿಸಿದಳು. ಮೂರನೇ ಸಲಕ್ಕೆ ಅದು ತಲೆಯಲ್ಲಿ ಕೂತುಬಿಟ್ಟಿತು, ಆಮೇಲೆ ಏನು ಮಾಡಿದರೂ ಏಳಲಿಲ್ಲ.

ಸಂಸ್ಕೃತಿ ಅಂದರೆ ಎಂತ ಎಂದು ಅವಳು ವೀಣಾಳನ್ನೇ ಕೇಳಿದಳು. ವೀಣಾ ಪಾಠದ ಪುಸ್ತಕದಲ್ಲಿದ್ದದ್ದನ್ನು ಒಪ್ಪಿಸಿದಳು: ಮನುಷ್ಯ ನಾಲ್ಕು ಜನರ ನಡುವೆ ಬದುಕುತ್ತ ಕಲಿತದ್ದೆಲ್ಲ ಸಂಸ್ಕೃತಿ, ಉಣ್ಣುವುದು, ಉಡುವುದು, ನಂಬುವುದು, ನಡೆದುಕೊಳ್ಳುವುದು. ಮಂಜಿಗೆ ಅದು ಹಿಡಿಸಲಿಲ್ಲ. ಉಣ್ಣುವುದು ಉಡುವುದು ಯಾರಿಗಿಲ್ಲ, ಅದನ್ನು ನೋಡಲು ಜೀಪು ಮಾಡಿಕೊಂಡು ಯಾರು ಬರುತ್ತಾರೆ? ಅವಳ ಪ್ರಕಾರ ಸಂಸ್ಕೃತಿಯೆಂದರೆ ನೆಂಟರು ಬಂದಾಗ ಪೆಟ್ಟಿಗೆಯಿಂದ ಹೊರಗೆ ತೆಗೆಯುವಂಥದ್ದು. ಆ ನಾಲ್ವರು ಬಂದಾಗ ಕೇರಿಯವರು ಪೆಟ್ಟಿಗೆ ತೆಗೆಯಲಿಲ್ಲ, ಹರಕು ಬಲೆ ಹೊಲಿಯುತ್ತ ಕೂತಿದ್ದರು. ಇನ್ನೊಮ್ಮೆ ಯಾರಾದರೂ ಬರಲಿ, ಆಗ ತೋರಿಸುತ್ತೇನೆ ಎಂದುಕೊಂಡಳು.

ಬಂದವಳು ಸ್ಮೃತಿ. ಹೊನ್ನಾವರದ ಕಡೆಯ ತೋಟದ ಮನೆಯ ಹುಡುಗಿ. ಜನ ಹೇಗೆ ಬದುಕುತ್ತಾರೆಂದು ಅವರ ಜೊತೆಗೇ ಇದ್ದು ನೋಡಿ ಬರೆಯುವ ವಿದ್ಯೆಯೊಂದಿದೆಯಂತೆ, ಅದನ್ನು ಧಾರವಾಡದಲ್ಲಿ ಓದುತ್ತಿದ್ದಳು. ಮಳೆಗಾಲ ಮುಗಿಯುತ್ತಿದ್ದ ಹಾಗೆ ಬೆನ್ನಿಗೊಂದು ಚೀಲ ಹಾಕಿಕೊಂಡು ಬಸ್ಸಿಳಿದು ಬಂದು, ಎರಡು ತಿಂಗಳು ಇರುತ್ತೇನೆ ಎಂದಳು. ಮಂಜಿಯ ಮಗ ವೆಂಕಟ ಮನೆಯ ಬದಿಯ ಕೋಣೆ ಬಿಟ್ಟುಕೊಟ್ಟ. ಮೀನು ತಿನ್ನದವಳು, ತನ್ನ ಅನ್ನ ತಾನೇ ಬೇಯಿಸಿಕೊಳ್ಳುತ್ತಿದ್ದಳು. ಅದಕ್ಕೆ ಯಾರೂ ಏನೂ ಅಂದುಕೊಳ್ಳಲಿಲ್ಲ. ಸಭ್ಯ ಹುಡುಗಿ. ಎಷ್ಟು ಸಭ್ಯ ಅಂದರೆ, ಒಂದು ಲೋಟ ಚಾ ಕೊಟ್ಟರೂ ಬೇಡವೆನ್ನಲು ಹತ್ತು ಮಾತಾಡುತ್ತಿದ್ದಳು.

ಮಂಜಿ ಮರುದಿನವೇ ಕೇರಿಗೆ ಅಪ್ಪಣೆ ಹೊರಡಿಸಿದಳು. ಎರಡು ತಿಂಗಳು ಬಾವಿಕಟ್ಟೆಯಲ್ಲಿ ಯಾರೂ ಜಗಳ ಮಾಡಕೂಡದು. ಒಣಮೀನಿನ ಚಾಪೆ ಮನೆಯ ಹಿಂದೆ ಹೋಗಬೇಕು. ಹೆಂಗಸರು ಸಂಜೆ ಹೊತ್ತು ಒಳ್ಳೆಯ ಸೀರೆ ಉಡಬೇಕು. ಇಷ್ಟು ಸಾಲದು ಅನ್ನಿಸಿ, ಪಕ್ಕದ ಮನೆಯ ನಾಗಿಯನ್ನು ಒಲೆಯ ಮುಂದೆ ಕೂರಿಸಿಕೊಂಡು ಒಂದು ಹಾಡು ಕಟ್ಟಿದಳು. ನಾಗಿ ಅವಳ ಓರಗೆಯವಳು, ನಲವತ್ತು ವರ್ಷ ಒಟ್ಟಿಗೆ ಮೀನಬುಟ್ಟಿ ಹೊತ್ತು ತಿರುಗಿದವಳು, ಸ್ವರ ಚೆನ್ನಾಗಿದೆ. ಸಮುದ್ರರಾಜನನ್ನು ಕರೆಯುವ ಹಾಡು, ಹನ್ನೆರಡು ಸಾಲು. ರಾಗ ಮಾತ್ರ ಟಿವಿಯಲ್ಲಿ ಬರುತ್ತಿದ್ದ ಬಟ್ಟೆ ಸೋಪಿನ ಜಾಹೀರಾತಿನದ್ದು, ಸ್ವಲ್ಪ ಎಳೆದು ಹಾಡಿದರೆ ಗೊತ್ತಾಗುವುದಿಲ್ಲ ಎಂದು ನಾಗಿ ಭರವಸೆ ಕೊಟ್ಟಳು. ಹಾಡಿನ ಜೊತೆಗೆ ಇರಲಿ ಎಂದು ಅಮಾವಾಸ್ಯೆಗೆ ಹೆಂಗಸರೆಲ್ಲ ಸಮುದ್ರಕ್ಕೆ ಅರಿಶಿನದ ನೀರು ಬಿಡುವ ಪದ್ಧತಿಯೊಂದನ್ನೂ ಹುಟ್ಟಿಸಿದ್ದಾಯಿತು.

ಇಬ್ಬರೂ ಹಾಡಿದರು, ಏಳು ತಲೆಮಾರಿನ ಹಾಡು ಎಂದರು. ಸ್ಮೃತಿ ತಲೆ ಬಗ್ಗಿಸಿ ಎಲ್ಲ ಬರೆದುಕೊಂಡಳು, ಒಂದೂ ಪ್ರಶ್ನೆ ಕೇಳಲಿಲ್ಲ. ಪೆನ್ನು ಓಡುವುದನ್ನು ನೋಡುತ್ತ ಮಂಜಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಈ ಸಲ ಪುಸ್ತಕದಲ್ಲಿ ನಮ್ಮ ಕೇರಿಗೂ ಒಂದು ಸಂಸ್ಕೃತಿ ಬರುತ್ತದೆ, ವೀಣಾ ಅದನ್ನು ಸ್ವರ ಇಳಿಸದೆ ಓದಬಹುದು ಎಂದು ಎಣಿಸಿದಳು. ರಾತ್ರಿ ಊಟಕ್ಕೆ ಒಂದು ತುತ್ತು ಹೆಚ್ಚೇ ಉಂಡಳು.

ಬಲೆ ಎಳೆಯುವುದನ್ನು ನೋಡಲು ಮಾತ್ರ ಸ್ಮೃತಿಯನ್ನು ಕರೆಯಲಿಲ್ಲ. ಅದು ಹೊಟ್ಟೆಪಾಡು. ಅದನ್ನು ತೋರಿಸಿದರೆ ಮತ್ತೆ ಅದೇ ವಾಕ್ಯ ಬಂದೀತು.

ಆದರೆ ಹುಡುಗಿ ಕರೆಯದೆ ತಾನೇ ಬಂದಳು. ದಡದ ಹತ್ತಿರ ಬಂಗಡೆ ಮೀನಿನ ಹಿಂಡು ಕಾಣಿಸಿದ ಒಂದು ಬೆಳಿಗ್ಗೆ, ವೆಂಕಟ ದೋಣಿಯಲ್ಲಿ ಹೋಗಿ ಬಲೆ ಸುತ್ತಿ ಬಿಟ್ಟು ಬಂದಿದ್ದ. ಎರಡು ತುದಿಯ ಹಗ್ಗಕ್ಕೂ ಜನ ಕೈ ಹಚ್ಚಿ ದಡಕ್ಕೆ ಎಳೆಯುತ್ತಿದ್ದರು. ದೊಡ್ಡ ಬೋಟುಗಳು ಬಂದ ಮೇಲೆ ಹೀಗೆ ದಡದಲ್ಲಿ ನಿಂತು ಕೈಯಲ್ಲೇ ಕೈರಂಪಣಿ ಬಲೆ ಎಳೆಯುವವರು ಕಡಿಮೆ. ಆದರೂ ಆ ದಿನ ಮೂವತ್ತು ಜನರ ಮೇಲಿದ್ದರು. ಸ್ಮೃತಿ ನೋಟುಬುಕ್ಕು ಹಿಡಿದು ಅಂಚಿನಲ್ಲಿ ನಿಂತಿದ್ದಳು. ತೆರೆಯೊಂದು ಕಾಲ ಕೆಳಗಿನ ಮರಳು ಎಳೆದುಕೊಂಡು ಹೋಯಿತು, ಬೀಳುತ್ತೇನೆಂದು ಹಗ್ಗ ಹಿಡಿದಳು. ಹಿಡಿದವಳು ಬಿಡಲಿಲ್ಲ. ನೋಟುಬುಕ್ಕನ್ನು ಹೊಟ್ಟೆಗೆ ಸಿಕ್ಕಿಸಿಕೊಂಡು ಎಲ್ಲರ ಜೊತೆ ಹಿಂದೆ ಹಿಂದೆ ನಡೆದು ಕೊನೆಯವರೆಗೂ ಎಳೆದಳು.

ಬಲೆ ದಡಕ್ಕೆ ಬಿದ್ದ ಮೇಲೆ ಕೆಲಸ ಮಂಜಿಯದು. ಪಾಲು ಹಾಕುವುದು ಅವಳ ಅತ್ತೆಯಿಂದ ಅವಳ ಕೈಗೆ ಬಂದದ್ದು. ತಕ್ಕಡಿ ಇಲ್ಲ, ಬುಟ್ಟಿಯ ಅಳತೆ ಇಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಲ್ಲಿ ಮೀನು ಬಾಚಿ ಒದ್ದೆ ಮರಳಿನ ಮೇಲೆ ಸಾಲಾಗಿ ಗುಡ್ಡೆ ಮಾಡುತ್ತ ಹೋಗುತ್ತಾಳೆ. ಬಲೆಗೊಂದು, ದೋಣಿಗೊಂದು, ಹುಷಾರಿಲ್ಲದೆ ಮಲಗಿದವರ ಮನೆಗೊಂದು, ಮತ್ತೆ ಹಗ್ಗ ಮುಟ್ಟಿದ ಪ್ರತಿಯೊಬ್ಬರಿಗೊಂದು. ಗಂಡಸು ಹೆಂಗಸು, ಜಾತಿ, ನೆಂಟ, ಅಪರಿಚಿತ ಯಾವುದೂ ಇಲ್ಲ. ದಾರಿಯಲ್ಲಿ ಹೋಗುವವನು ಬಂದು ಹಗ್ಗ ಮುಟ್ಟಿದರೂ ಒಂದು ಪಾಲು. ಮೂವತ್ತೈದು ವರ್ಷದಲ್ಲಿ ನನ್ನದು ಕಡಿಮೆಯಾಯಿತು ಎಂದು ಅವಳೆದುರು ಒಬ್ಬನೂ ಬಾಯಿ ತೆಗೆದಿಲ್ಲ.

ಆ ದಿನವೂ ಹಾಕಿದಳು. ಕೊನೆಯ ಗುಡ್ಡೆಯನ್ನು ತೋರಿಸಿ, ಇದು ನಿಮ್ಮದು ಎಂದು ಸ್ಮೃತಿಗೆ ಹೇಳಿದಳು. ಸ್ಮೃತಿ ನಕ್ಕು, ಕೈ ಮುಗಿದು, ಬೇಡ ಅಜ್ಜಿ, ನಾನು ಸುಮ್ಮನೆ ನೋಡಲು ಬಂದವಳು ಎಂದಳು.

ಬಗ್ಗಿದ್ದವರು ಬಗ್ಗಿದಲ್ಲೇ ನಿಂತರು.

ಆ ಕೇರಿಯಲ್ಲಿ ಪಾಲು ಬೇಡ ಎನ್ನುವ ಮಾತಿಗೆ ಒಂದೇ ಅರ್ಥ. ಹಗ್ಗ ಹಿಡಿದವರಲ್ಲಿ ಯಾರೋ ತನಗೆ ನೋವು ಮಾಡಿದ್ದಾರೆ, ಅವರ ಜೊತೆಗಿನ ಮೀನು ನನಗೆ ಬೇಡ ಎಂದು. ಹಾಗೆ ಒಬ್ಬರು ಅಂದ ಮೇಲೆ ಉಳಿದವರೂ ತಮ್ಮ ಪಾಲು ಎತ್ತುವಂತಿಲ್ಲ. ನೋವು ಮಾಡಿದವರು ಅಲ್ಲೇ ಎಲ್ಲರೆದುರು ಬಾಯಿಬಿಟ್ಟು ಹೇಳಬೇಕು, ಆಮೇಲೆ ಎಲ್ಲರೂ ಒಟ್ಟಿಗೆ ಎತ್ತಬೇಕು. ಮೀನು ತಿನ್ನುವುದಿಲ್ಲ ಎನ್ನುವುದು ಕಾರಣವೇ ಅಲ್ಲ. ಶಾಲೆಯ ಭಟ್ಟ ಮಾಸ್ತರರು ಒಮ್ಮೆ ಹಗ್ಗ ಹಿಡಿದು, ತಮ್ಮ ಪಾಲು ಎತ್ತಿ, ನಾಲ್ಕು ಹೆಜ್ಜೆ ಹೋಗಿ ನಾಗಿಯ ಬುಟ್ಟಿಗೆ ಹಾಕಿ ಕೈ ತೊಳೆದುಕೊಂಡಿದ್ದರು. ಹಿಂದೊಮ್ಮೆ ಕೇರಿಯ ಜಗದೀಶನ ಅಪ್ಪ ಪಾಲು ಬೇಡ ಎಂದಿದ್ದ. ಅವನ ತಮ್ಮ ಬೇಲಿ ಒಂದು ಮಾರು ಸರಿಸಿದ್ದು ಹೊರಗೆ ಬಂದು, ಬೇಲಿ ಹಿಂದಕ್ಕೆ ಹೋಗುವಷ್ಟರಲ್ಲಿ ಮಧ್ಯಾಹ್ನ ದಾಟಿ ಮೀನು ನಾರುತ್ತಿತ್ತು. ಆದರೂ ಎತ್ತಿದರು.

ಸ್ಮೃತಿಗೆ ಇದೊಂದೂ ಗೊತ್ತಿಲ್ಲ. ಹೇಳುವವರು ಯಾರು? ಅವಳಿಗೆ ಹಾಡು ಕಲಿಸುವುದರಲ್ಲೇ ಕೇರಿ ಮುಳುಗಿತ್ತಲ್ಲ.

ಮೊದಲು ಮುಂದೆ ಬಂದವನು ವೆಂಕಟ. ಹುಡುಗಿ ದಿನಾ ಎರಡು ಕೊಡ ನೀರು ಹೊಯ್ದುಕೊಂಡು ಸ್ನಾನ ಮಾಡುತ್ತಾಳೆಂದು ಹೆಂಡತಿಯ ಹತ್ತಿರ ಗೊಣಗಿದ್ದೆ, ತಪ್ಪಾಯಿತು ಎಂದ. ಸ್ಮೃತಿ ಕಕ್ಕಾಬಿಕ್ಕಿಯಾಗಿ ಪರವಾಗಿಲ್ಲ ಎಂದಳು, ಆದರೆ ಗುಡ್ಡೆಯ ಕಡೆ ಬಗ್ಗಲಿಲ್ಲ. ಆಮೇಲೆ ಜಗದೀಶ. ದೋಣಿಯ ಹುಟ್ಟು ಹಾಕುವ ಗಟ್ಟಿ ಆಳು, ನಾಚಿಕೆಯಿಂದ ಕಿವಿ ಕೆಂಪಾಗಿತ್ತು. ಮರಳಲ್ಲಿ ಬೂಟು ಹಾಕಿಕೊಂಡು ಅವಳು ನಡೆಯುವುದನ್ನು ಅಣಕಿಸಿ ನಾಲ್ಕು ಜನರನ್ನು ನಗಿಸಿದ್ದೆ ಎಂದು ಒಪ್ಪಿದ. ಹೀಗೆ ಒಬ್ಬರ ಹಿಂದೆ ಒಬ್ಬರು. ಸ್ಮೃತಿ ಇದು ಯಾವುದೋ ಆಚರಣೆ ಎಂದುಕೊಂಡಳು; ಕಲಿತ ವಿದ್ಯೆಯಂತೆ ಮೆಲ್ಲಗೆ ನೋಟುಬುಕ್ಕು ತೆಗೆದು ಬರೆಯತೊಡಗಿದಳು. ಅದನ್ನು ನೋಡಿ ಜನಕ್ಕೆ ಇನ್ನೂ ಭಯ. ನಮ್ಮ ತಪ್ಪನ್ನೆಲ್ಲ ಬರೆದಿಟ್ಟುಕೊಳ್ಳುವಷ್ಟು ಬೇಜಾರಾಗಿದೆ ಇವಳಿಗೆ ಎಂದು.

ಬಿಸಿಲು ಏರಿತು. ಕಾಗೆಗಳು ಹತ್ತಿರ ಬಂದವು, ಯಾರೋ ಟವೆಲು ಬೀಸಿ ಓಡಿಸಿದರು. ಮೇಲೆ ರಸ್ತೆಯಲ್ಲಿ ಮೀನು ಕೊಳ್ಳುವ ಟೆಂಪೋ ಎರಡು ಸಲ ಹಾರನ್ ಹೊಡೆಯಿತು. ನಾಗಿ ಮಂಜಿಯ ಮುಖವನ್ನೇ ನೋಡುತ್ತಿದ್ದಳು.

ಮಂಜಿಗೆ ಆ ನೋಟದ ಅರ್ಥ ಗೊತ್ತಿತ್ತು. ಹುಡುಗಿಗೆ ಹಾಡಿನ ಗುಟ್ಟು ಗೊತ್ತಾಗಿದೆ, ಬೇಜಾರು ಅದೇ ಎಂದು ಇಬ್ಬರಿಗೂ ಒಟ್ಟಿಗೆ ಹೊಳೆದಿತ್ತು. ಹೇಳಿದರೆ ಮುಗಿಯಿತು. ಪೇಟೆಯ ಜನರೆದುರು ಕೇರಿಗೆ ಸಂಸ್ಕೃತಿ ಇಲ್ಲ ಎಂಬುದರ ಮೇಲೆ, ಇದ್ದಂತೆ ನಟಿಸುವವರು ಎಂದೂ ಸೇರುತ್ತದೆ. ಹಳೇ ವಾಕ್ಯ ಅಳಿಯುವುದಿರಲಿ, ಅದಕ್ಕಿಂತ ಕೆಟ್ಟದ್ದು ಅಚ್ಚಾಗುತ್ತದೆ. ಹೇಳದಿದ್ದರೆ? ಹೇಳದೆ, ಆತು, ಅವಳದ್ದೊಂದು ಇರಲಿ, ನೀವೆಲ್ಲ ಎತ್ತಿ ಎಂದು ಅವಳು ಒಂದು ಮಾತು ಅಂದರೆ ಎಲ್ಲರೂ ಎತ್ತುತ್ತಾರೆ. ಅವಳ ಮಾತಿಗೆ ಅಷ್ಟು ಬೆಲೆ ಇದೆ. ಆದರೆ ಪಾಲು ಹಾಕುವವಳೇ ಹಾಗೆ ಹೇಳಿದ ಮೇಲೆ ನಾಳೆಯಿಂದ ಗುಡ್ಡೆಗಳ ಎದುರು ಯಾವ ಮುಖ ಇಟ್ಟುಕೊಂಡು ನಿಲ್ಲುವುದು? ಬದುಕಿನಲ್ಲಿ ಅವಳು ಇಷ್ಟು ಹೆದರಿದ್ದು ಗಂಡ ಜಟ್ಟಪ್ಪನ ದೋಣಿ ಒಂದು ಸಂಜೆ ತಡವಾದಾಗ ಮಾತ್ರ.

ಅವಳು ಸೊಂಟದ ಸೆರಗು ಬಿಡಿಸಿ ಹೊದ್ದುಕೊಂಡು ಸ್ಮೃತಿಯ ಎದುರು ಬಂದು ನಿಂತಳು.

“ಸ್ಮೃತಿಯಮ್ಮ, ಆ ಹಾಡು ಸುಳ್ಳು. ಏಳು ತಲೆಮಾರೂ ಇಲ್ಲ, ಎಂತದೂ ಇಲ್ಲ. ನೀವು ಬಂದ ಮೇಲೆ ನಾನೂ ನಾಗಿಯೂ ಒಲೆ ಮುಂದೆ ಕೂತು ಕಟ್ಟಿದ್ದು. ಅಮಾಸೆಗೆ ಅರಿಶಿನ ನೀರು ಬಿಡೂದೂ ಸುಳ್ಳು. ನೀವು ನಂಬಿ ಬರ್ಕೊಂಡ್ರಿ, ನಾ ಖುಷಿಪಟ್ಟೆ. ನಿಮ್ಮ ಬೇಜಾರು ಅದೇ ಆದ್ರೆ ಅದು ನನ್ನ ಮೇಲೆ ಇರ್ಲಿ. ಇವರ ಪಾಲಿನ ಮೇಲೆ ಬೇಡ.”

ರಾಗ ನನ್ನದು, ನನ್ನ ಮೇಲೂ ಇರಲಿ ಎಂದು ಹಿಂದಿನಿಂದ ನಾಗಿ ಸೇರಿಸಿದಳು. ವೀಣಾ ಅಜ್ಜಿಯನ್ನು ಬಾಯಿ ಬಿಟ್ಟುಕೊಂಡು ನೋಡಿದಳು, ಅವಳಿಗೂ ಆ ಹಾಡು ಹಳೆಯದೆಂದೇ ಹೇಳಿದ್ದರು.

ಸ್ಮೃತಿಯ ಪೆನ್ನು ನಿಂತಿತು. ಸಾಲು ಗುಡ್ಡೆಗಳನ್ನು, ಅವುಗಳ ಪಕ್ಕ ಕೈ ಕಟ್ಟಿ ನಿಂತ ಜನರನ್ನು, ತನ್ನ ಕಾಲ ಬುಡದ ಒಂದು ಗುಡ್ಡೆಯನ್ನು ನೋಡಿದಳು. ತಾನು ಬೇಡವೆಂದದ್ದಕ್ಕೇ ಇವರೆಲ್ಲ ಎತ್ತದೆ ನಿಂತಿದ್ದಾರೆಂದು ಅವಳಿಗೆ ಆಗ ತಿಳಿಯಿತು. ನನಗೆ ಯಾರ ಮೇಲೂ ಬೇಜಾರಿಲ್ಲ ಅಜ್ಜಿ, ಬರೆಯಲು ಬಂದವರು ಜನ ಕೊಟ್ಟದ್ದನ್ನು ತಗೊಳ್ಳಬಾರದು ಅಂತ ನಮಗೆ ಕಲಿಸಿದ್ದಾರೆ, ಅದಕ್ಕೇ ಬೇಡ ಅಂದೆ ಎಂದು ತೊದಲಿದಳು.

“ಕೊಟ್ಟದ್ದು ಅಂತ ಯಾರು ಹೇಳಿದ್ರು?” ಮಂಜಿಯ ಸ್ವರದಲ್ಲಿ ಈಗ ಭಯ ಇರಲಿಲ್ಲ. “ನಾವು ಕೊಡೂಕೆ ಇದು ನಮ್ಮದಾ? ಹಗ್ಗ ಹಿಡ್ದದ್ದು ನಿಮ್ಮ ಕೈ. ಇದು ಆ ಕೈಯದ್ದು.”

ಸ್ಮೃತಿ ನೋಟುಬುಕ್ಕು ಮುಚ್ಚಿದಳು. ಆಮೇಲೆ, ನಾನೂ ಒಂದು ಹೇಳುವುದಿದೆ ಎಂದಳು. ಹಾಡು ಕಟ್ಟಿದ್ದೆಂದು ಅವಳಿಗೆ ಕೇಳಿದ ದಿನವೇ ಗೊತ್ತಾಗಿತ್ತಂತೆ; ಆ ಸೋಪಿನ ಜಾಹೀರಾತು ಅವರ ಮನೆಯ ಟಿವಿಯಲ್ಲೂ ಬರುತ್ತದೆ. ಕೇಳಿದರೆ ನೋವಾಗುತ್ತದೆ, ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಳ್ಳೋಣ, ಆಮೇಲೆ ಬೇಕಾದರೆ ಇವರು ಹೀಗೆಲ್ಲ ಹೇಳುತ್ತಾರೆ ಎಂದು ಬರೆದರಾಯಿತು ಎಂದುಕೊಂಡಿದ್ದಳಂತೆ. ನಿಮ್ಮೆದುರು ನಂಬಿದ ಹಾಗೆ ನಟಿಸಿದ್ದು ನನ್ನ ತಪ್ಪು ಎಂದಾಗ ಅವಳ ಕಣ್ಣು ತುಂಬಿತ್ತು.

ನೋಟುಬುಕ್ಕನ್ನು ಮರಳಿನ ಮೇಲೆ ಇಟ್ಟು, ಎರಡೂ ಕೈ ಹಾಕಿ, ಹುಟ್ಟಿದಂದಿನಿಂದ ಮುಟ್ಟದ ಮೀನನ್ನು ಬಾಚಿ ಎದೆಗೆ ಒತ್ತಿ ಹಿಡಿದು ಎದ್ದಳು. ಮೂವತ್ತು ಬೆನ್ನುಗಳು ಒಟ್ಟಿಗೆ ಬಗ್ಗಿದವು. ಒಂದು ಬಂಗಡೆ ಅವಳ ಕೈಯಿಂದ ಜಾರಿತು, ಜಗದೀಶ ಹೆಕ್ಕಿ ವಾಪಸು ಇಟ್ಟ. ಅವಳು ನಡೆದುಹೋಗಿ ತನ್ನ ಪಾಲನ್ನು ವೀಣಾಳ ಬುಟ್ಟಿಗೆ ಹಾಕಿದಳು.

ಮಂಜಿ ಎರಡು ದಿನ ಮನೆಯಿಂದ ಹೊರಗೆ ಬರಲಿಲ್ಲ. ಕೇರಿಯ ಮರ್ಯಾದೆ ನನ್ನ ಕೈಯಿಂದಲೇ ಹೋಯಿತು ಎಂಬ ಸಂಕಟ. ಮೂರನೇ ದಿನ ಸ್ಮೃತಿಯೇ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ಕೂತಳು. ಹಾಡಿನ ಸುದ್ದಿಯನ್ನೇ ಎತ್ತಲಿಲ್ಲ. ಮಲಗಿದವರ ಮನೆಗೆ ಪಾಲು ಎಷ್ಟು ದಿನ ಹೋಗುತ್ತದೆ, ಗರ್ಭಿಣಿ ಹಗ್ಗ ಮುಟ್ಟಿದರೆ ಒಂದೋ ಎರಡೋ, ಪಾಲು ಹಾಕಿದವಳಿಗೇ ಬೇಜಾರಾದರೆ ಯಾರಿಗೆ ಹೇಳಬೇಕು ಎಂದೆಲ್ಲ ಕೇಳತೊಡಗಿದಳು. ಮಂಜಿ ಮೊದಮೊದಲು ಅದರಲ್ಲಿ ಬರೆಯುವುದು ಎಂತ ಉಂಟು, ದಿನಾ ಮಾಡುವುದಲ್ಲವೇ ಎಂದು ತಳ್ಳಿಹಾಕಿದಳು. ಕೊಟ್ಟ ಉತ್ತರಕ್ಕೆ ಹುಡುಗಿಯ ಹುಬ್ಬು ಏರುವುದನ್ನು ನೋಡಿ ಇನ್ನೊಂದು ಹೇಳಿದಳು. ಸಂಜೆಯಾಗುವಾಗ ಚಾ ಮಾಡಿದಳು, ಹುಡುಗಿ ಒಂದೇ ಮಾತಿಗೆ ಕುಡಿದಳು. ಮಂಜಿಯ ಬಾಯಲ್ಲಿ ‘ಸ್ಮೃತಿಯಮ್ಮ’ ಹೋಗಿ ‘ತಂಗಿ’ ಆದದ್ದು ಆವತ್ತೇ. ಉಳಿದ ದಿನಗಳಲ್ಲಿ ಬಲೆ ಬಿದ್ದಾಗಲೆಲ್ಲ ಅವಳು ಬರಿಗಾಲಲ್ಲಿ ಬಂದು ಹಗ್ಗ ಹಿಡಿದಳು, ಅಂಗೈ ಬೊಬ್ಬೆ ಎದ್ದಿತು.

ಶಿವರಾತ್ರಿ ಕಳೆದ ಮೇಲೆ ಒಂದು ಭಾನುವಾರ ಸ್ಮೃತಿ ಕಾಗದದ ಕಟ್ಟು ಹಿಡಿದು ಮತ್ತೆ ಬಂದಳು. ಬರೆದದ್ದನ್ನು ಒಪ್ಪಿಸುವ ಮೊದಲು ನಿಮಗೆ ಓದಿ ಹೇಳಬೇಕು, ಬೇಡವೆಂದದ್ದನ್ನು ತೆಗೆಯುತ್ತೇನೆ ಎಂದಳು. ಕೇರಿಯೆಲ್ಲ ದೋಣಿಯ ನೆರಳಲ್ಲಿ ಕೂತಿತು. ಅವಳು ಓದಿದಳು. ಹಗ್ಗ ಬಂತು, ಗುಡ್ಡೆ ಬಂತು, ಒಬ್ಬರು ಬೇಡವೆಂದರೆ ಉಳಿದವರೂ ಎತ್ತದ ನಿಯಮ ಬಂತು. ನಾಲ್ಕು ದಿಕ್ಕಿನಲ್ಲಿ ಎಲ್ಲರೂ ತಮ್ಮ ತಮ್ಮ ಪಾಲು ಎತ್ತಿಕೊಂಡು ಓಡುವ ಈ ಕಾಲದಲ್ಲಿ, ಒಬ್ಬರ ನೋವು ಮುಗಿಯದೆ ಮೂವತ್ತು ಜನ ಬಿಸಿಲಲ್ಲಿ ಕಾಯುವುದನ್ನು ಇಲ್ಲಿ ಕಂಡೆ ಎಂದು ಬರೆದಿದ್ದಳು. ದೊಡ್ಡ ಸಂಸ್ಕೃತಿ ಎನ್ನುವುದಕ್ಕೆ ನನಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ ಎಂದೂ ಬರೆದಿದ್ದಳು. ಮಂಜಿಗೆ ಮೈ ಜುಮ್ಮೆಂದಿತು. ದಿನಾ ಮಾಡುವ ಕೆಲಸ ಹೊರಗಿನಿಂದ ಇಷ್ಟು ದೊಡ್ಡದಾಗಿ ಕಾಣುತ್ತದೆಂದು ಅವಳಿಗೆ ಯಾರು ಹೇಳಿದ್ದರು?

ಆಮೇಲೆ ಸುಳ್ಳು ಹಾಡೂ ಬಂತು, ಸೋಪಿನ ರಾಗ ಸಮೇತ. ಹಾಡು ಕಟ್ಟಿ, ಕೊನೆಗೆ ಎಲ್ಲರೆದುರು ಒಪ್ಪಿಕೊಂಡ ಗಂಗಜ್ಜಿ ಎನ್ನುವವಳ ಬಗ್ಗೆ ಎರಡು ಪುಟ. ಹುಡುಗಿ ತಾನು ಪಾಲು ಬೇಡವೆಂದ ತಪ್ಪನ್ನೂ, ನಂಬಿದಂತೆ ನಟಿಸಿದ್ದನ್ನೂ ಬಿಟ್ಟಿರಲಿಲ್ಲ.

ವೆಂಕಟ ಕೈ ಎತ್ತಿದ. ಉಳಿದದ್ದೆಲ್ಲ ಚೆಂದ, ಹಾಡಿನದ್ದೊಂದು ತೆಗೆಯಬೇಕು, ಇನ್ನು ಇಪ್ಪತ್ತು ವರ್ಷ ಓದಿದವರೆಲ್ಲ ನಮ್ಮನ್ನು ನೋಡಿ ನಗುವುದು ಬೇಡ ಎಂದ. ಹೌದೌದು ಎಂದರು ಕೆಲವರು. ಸ್ಮೃತಿ ಪೆನ್ನು ತೆಗೆದು ಮಂಜಿಯ ಕಡೆ ನೋಡಿದಳು.

“ತೆಗೀಬೇಡ ತಂಗಿ,” ಎಂದಳು ಮಂಜಿ. “ಸುಳ್ಳು ಹೇಳಿದ್ದೂ ನಾನೇ, ನಿಂತು ಒಪ್ಪಿದ್ದೂ ನಾನೇ. ಒಂದು ಬಿಟ್ಟು ಒಂದು ಬರೆದ್ರೆ ನಮ್ಮ ಪಾಲು ಎಂತದ್ದು ಅಂತ ಓದಿದವರಿಗೆ ಹೆಂಗೆ ತಿಳೀತದೆ? ಅದೆಲ್ಲ ಇರ್ಲಿ. ಆದ್ರೆ ಈ ಗಂಗಜ್ಜಿ ಯಾರು?”

ಅದು ನೀವೇ ಅಜ್ಜಿ, ಎಂದಳು ಸ್ಮೃತಿ. ಇಂಥ ಬರಹದಲ್ಲಿ ಜನರ ನಿಜವಾದ ಹೆಸರು ಹಾಕುವುದಿಲ್ಲ, ಮುಂದೆ ಯಾರಿಗೂ ತೊಂದರೆಯಾಗದಿರಲಿ, ಹಂಗಿಸುವವರು ಹಂಗಿಸದಿರಲಿ ಎಂದು ಬೇರೆ ಹೆಸರು ಇಡುತ್ತಾರೆ, ಅದು ನಮ್ಮ ನಿಯಮ ಎಂದು ವಿವರಿಸಿದಳು. ಅವರಾಗಿ ಕೇಳಿದರೆ ಮಾತ್ರ ನಿಜ ಹೆಸರು ಹಾಕಬಹುದು.

ಮಂಜಿ ಎದ್ದು ನಿಂತಳು. ಅರವತ್ತೆಂಟರ ಮೊಣಕಾಲು, ಎದ್ದು ನಿಲ್ಲಲು ಸ್ವಲ್ಪ ಹೊತ್ತು ಬೇಕಾಯಿತು. ಆದರೆ ನಿಂತ ಮೇಲೆ ಅವಳು ಕೂತವರಿಗೆಲ್ಲ ಇದ್ದುದಕ್ಕಿಂತ ಎತ್ತರ ಕಂಡಳು.

“ಹಗ್ಗ ಹಿಡ್ದದ್ದು ನಾನು. ಗಂಗಜ್ಜಿ ಅನ್ನುವವಳು ಬಂದು ನನ್ನ ಪಾಲು ಎತ್ತೂದು ಎಂತಕ್ಕೆ? ಬರಿ. ಮಂಜಿ ಕೋಂ ಜಟ್ಟಪ್ಪ ಹರಿಕಂತ್ರ.”

ಸ್ಮೃತಿ ಒಂದೊಂದೇ ಹಾಳೆ ಮಗುಚಿ ಹಳೇ ಹೆಸರು ಹೊಡೆದು ಹೊಸದು ಬರೆದಳು. ಮಂಜಿ ಬಗ್ಗಿ ನಿಂತು, ಯಾವುದು ನಾನು, ಇದಾ, ಇದಾ ಎಂದು ಪ್ರತಿಯೊಂದಕ್ಕೂ ಬೆರಳಿಟ್ಟು ಕೇಳಿದಳು. ಹೆಸರು ಹನ್ನೊಂದು ಕಡೆ ಇತ್ತು. ಹನ್ನೊಂದೂ ಆಗುವವರೆಗೆ ಅವಳು ಯಾರನ್ನೂ ಎದ್ದು ಹೋಗಲು ಬಿಡಲಿಲ್ಲ.